ಕಂಬಳಿ ಎತ್ತಿದ ಸಂಗಮ್ಮ

ಮಸ್ಕಿಯ ಬಂಡಿಕಾರರಿಗೆ ಇಬ್ಬರೇ ದೇವರು ಎಂದು ಪೇಟೆಯ ಅಂಗಡಿಯವರು ನಗುತ್ತಿದ್ದರು. ಒಬ್ಬ ಬಸವಣ್ಣ, ಇನ್ನೊಬ್ಬ ಕರಿಬಸಪ್ಪ. ಬಸವಣ್ಣನ ಹೆಸರಿನಲ್ಲಿ ಸೋಮವಾರ ಯಾರೂ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಯಾರ ಬಂಡಿ ಯಾವ ದಾರಿ ಹಿಡಿಯಬೇಕೆಂದು ಕರಿಬಸಪ್ಪ ಹೇಳುತ್ತಿದ್ದ. ಅಂಗಡಿಯವರು ನಕ್ಕರೆ ನಗಲಿ. ಅವರಲ್ಲೊಬ್ಬ ಜ್ವರ ಬಂದು ಮಲಗಿದರೆ ಪಕ್ಕದ ಅಂಗಡಿಯವನು ಆ ಗಿರಾಕಿಗಳನ್ನು ತನ್ನ ಕಡೆ ಕರೆದುಕೊಳ್ಳುತ್ತಿದ್ದನೇ ಹೊರತು, ಮಲಗಿದವನ ಬಾಗಿಲು ತೆರೆದು ಅವನ ಪರವಾಗಿ ವ್ಯಾಪಾರ ಮಾಡಿಕೊಡುತ್ತಿರಲಿಲ್ಲ. ಬಂಡಿಕಾರರು ಮಾಡುತ್ತಿದ್ದದ್ದು ಅದನ್ನೇ.

ಅದಕ್ಕೆ ಅವರು ಪಾಳಿ ಎನ್ನುತ್ತಿದ್ದರು. ಸಂಘದ ಒಬ್ಬನ ಎತ್ತು ಸತ್ತರೆ, ಅಥವಾ ಅವನೇ ಹಾಸಿಗೆ ಹಿಡಿದರೆ, ಅವನ ಹೇರು ನಿಲ್ಲುತ್ತಿರಲಿಲ್ಲ. ಉಳಿದವರು ಸರದಿಯ ಮೇಲೆ ತಮ್ಮ ಬಂಡಿ ಹೂಡಿ, ಅವನ ಹೇರು ಮುಟ್ಟಿಸಿ, ಬಂದ ಬಾಡಿಗೆಯನ್ನು ಅವನ ಮನೆಗೆ ಕೊಟ್ಟು ಬರುತ್ತಿದ್ದರು. ಯಾರಿಗೆ ಪಾಳಿ, ಎಲ್ಲಿಯವರೆಗೆ, ಮೊದಲು ಯಾರ ಬಂಡಿ, ಇದನ್ನೆಲ್ಲ ಸಂಘದ ಸದರ್ ಮತ್ತು ಅವನು ಆರಿಸಿಕೊಂಡ ನಾಲ್ವರು ಪಂಚರು ಗೊತ್ತು ಮಾಡುತ್ತಿದ್ದರು. ಅಧ್ಯಕ್ಷನಿಗೆ ಸದರ್ ಎನ್ನುವುದು ನಿಜಾಮರ ಕಾಲದ ಮಾತು. ನಿಜಾಮರ ರಾಜ್ಯ ಹೋಗಿ ಐದಾರು ವರ್ಷ ಆಗಿದ್ದರೂ ಆ ಮಾತು ಹೋಗಿರಲಿಲ್ಲ, ಸದರ್ ಕರಿಬಸಪ್ಪನೂ ಹೋಗಿರಲಿಲ್ಲ.

ಕರಿಬಸಪ್ಪ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವನು ಸಂಗಮ್ಮನಿಗೆ ಅಡ್ಡ ನಿಂತದ್ದನ್ನು ಕೇಳಿ ಜನ ಅವನ ಮೇಲೆ ಹಲ್ಲು ಮಸೆಯುತ್ತಾರೆ. ಪಾಳಿ ಹಂಚುವಾಗ ಅವನು ಸ್ವಂತ ಅಳಿಯನಿಗೂ ಒಂದು ದಿನ ಹೆಚ್ಚು ಕೊಟ್ಟವನಲ್ಲ. ಮಳೆಯಲ್ಲಿ, ಕೆಸರಿನಲ್ಲಿ, ತನ್ನ ಸರದಿ ಬಂದಾಗ ತಪ್ಪಿಸಿಕೊಂಡವನೂ ಅಲ್ಲ. ಆದರೆ ಒಮ್ಮೆ ಆಡಿದ ಮಾತನ್ನು ತಿರುಗಿ ನೋಡುವ ರೂಢಿ ಅವನಿಗಿರಲಿಲ್ಲ. ಅವನ ಮೀಸೆ ನೆರೆತಿತ್ತು, ಮಾತು ನೆರೆತಿರಲಿಲ್ಲ.

ಸಂಗಮ್ಮ ಸಂಘದ ಸೂಗಪ್ಪನ ಹೆಂಡತಿ. ತವರು ಸಿಂಧನೂರು ತಾಲೂಕಿನ ಮುಕ್ಕುಂದ. ಗಂಡುಮಕ್ಕಳಿಲ್ಲದ ಕಾಲದಲ್ಲಿ ಹುಟ್ಟಿದ ಹಿರಿಯ ಮಗಳಾದ್ದರಿಂದ ಅಪ್ಪನ ಭತ್ತದ ಬಂಡಿಯ ಮುಂದಿನ ಮೂಕಿಯ ಮೇಲೆ ಕುಳಿತೇ ಬೆಳೆದಿದ್ದಳು. ಸೂಗಪ್ಪ ಹಿಂದಿನ ಯುಗಾದಿಯ ಹೊತ್ತಿಗೆ ವಿಷಮಜ್ವರದಲ್ಲಿ ತೀರಿಕೊಂಡಾಗ ಅವಳ ಕೈಯಲ್ಲಿ ಒಂದು ಜೋಡಿ ಎತ್ತು, ಒಂದು ಬಂಡಿ ಮತ್ತು ಆಗಷ್ಟೇ ಹಲ್ಲು ಬೀಳುತ್ತಿದ್ದ ಮಗಳು ಉಳಿದರು. ದಿನಕರ್ಮ ಮುಗಿದ ಮರುದಿನ ಸೆರಗನ್ನು ಸೊಂಟಕ್ಕೆ ಬಿಗಿದು, ಎತ್ತು ಹೂಡಿ, ಬಂಡಿಗಳು ನಿಲ್ಲುವ ಬೇವಿನ ಮರದ ಬಯಲಿಗೆ ಬಂದು ಸಾಲಿನಲ್ಲಿ ತನ್ನ ಬಂಡಿ ನಿಲ್ಲಿಸಿದಳು. ಬಾಯಿ ತೆರೆದವರು ತೆರೆದುಕೊಂಡೇ ಉಳಿದರು, ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಸಂಘದ ಕಾಯ್ದೆ ಮಾತ್ರ ಬೇರೆಯಿತ್ತು. ಸದಸ್ಯ ಸತ್ತರೆ ಅವನ ಹೆಸರು ಹೋಗುತ್ತಿತ್ತು. ಹಗ್ಗ ಹಿಡಿಯುವ ಮಗನಿದ್ದರೆ ಆ ಜಾಗ ಅವನಿಗೆ, ಇಲ್ಲದಿದ್ದರೆ ಬಂಡಿ ಸಾಲಿನಿಂದ ಹೊರಗೆ. ಸೂಗಪ್ಪನ ಮುಖ ನೋಡಿ ಕರಿಬಸಪ್ಪ ಬರುವ ಯುಗಾದಿಯ ಚುನಾವಣೆಯ ತನಕ ಇರಲಿ ಎಂದಿದ್ದ. ಆ ಒಂದು ವರ್ಷದಲ್ಲಿ ಸಂಗಮ್ಮ ಒಂದೇ ಒಂದು ಪಾಳಿ ತಪ್ಪಿಸಲಿಲ್ಲ. ಖಾದರಬಾಷಾ ಕಾಮಾಲೆಯಾಗಿ ಮಲಗಿದ್ದಾಗ ಜಡಿಮಳೆಯಲ್ಲಿ ಅವನ ಹತ್ತಿಯ ಅಂಡಿಗೆಗಳನ್ನು ಲಿಂಗಸುಗೂರಿಗೆ ಮುಟ್ಟಿಸಿ ಬಂದವಳು ಅವಳೇ. ಈಗ ಯುಗಾದಿ ಹತ್ತಿರ ಬಂದಿತ್ತು. ಸಾಲಿನಿಂದ ಹೊರಬಿದ್ದ ಬಂಡಿಗೆ ಹೊಸ ಕಾಲುವೆ ತೋಡಿಸುತ್ತಿದ್ದ ಗುತ್ತಿಗೆದಾರರೂ ಹೇರು ಕೊಡುತ್ತಿರಲಿಲ್ಲ, ಹತ್ತಿಯ ಸಾಹುಕಾರರೂ ಕೊಡುತ್ತಿರಲಿಲ್ಲ. ಹೆಸರು ಹೋದರೆ ಎತ್ತು ಮಾರಬೇಕು, ಮಗಳ ಕೈ ಹಿಡಿದುಕೊಂಡು ಮುಕ್ಕುಂದಕ್ಕೆ ಹೋಗಬೇಕು, ತಮ್ಮನ ಹೆಂಡತಿ ಬಡಿಸಿದಷ್ಟು ಉಣ್ಣಬೇಕು. ಎತ್ತು ಮಾರುವ ಯೋಚನೆ ಬಂದ ದಿನ ಅವಳಿಗೆ ಊಟ ಸೇರಲಿಲ್ಲ.

ಹಬ್ಬಕ್ಕೆ ಮುಂಚೆ ಒಂದು ಸಂಜೆ ಅವಳು ನೇರವಾಗಿ ಕರಿಬಸಪ್ಪನ ಮನೆಗೆ ಹೋದಳು. ಅವನು ಅಂಗಳದಲ್ಲಿ ಎತ್ತಿನ ಕೊಂಬಿಗೆ ಎಣ್ಣೆ ಹಚ್ಚುತ್ತಿದ್ದ. ತನ್ನ ಹೆಸರು ಸಾಲಿನಲ್ಲಿ ಉಳಿಸಬೇಕೆಂದು ಅವಳು ಸುತ್ತುಬಳಸಿಲ್ಲದೆ ಕೇಳಿದಳು. ಕರಿಬಸಪ್ಪ ಎಣ್ಣೆಯ ಕೈ ಒರೆಸಿಕೊಂಡು ಅಷ್ಟೇ ನೇರವಾಗಿ ಉತ್ತರ ಕೊಟ್ಟ.

"ನಿನ್ನ ಮ್ಯಾಲ ನಂದೇನೂ ತಕರಾರಿಲ್ಲ ಸಂಗಮ್ಮ. ಆದ್ರ ನಾಳೆ ಇನ್ನೊಬ್ಬಾಕಿ ಬರ್ತಾಳ, ಆಕಿಗೆ ಬಂಡಿ ಹೊಡಿಯಾಕ ಬರಂಗಿಲ್ಲ. ಪಾಳಿ ತಗೊಂತಾಳ, ತಿರುಗಿ ಕೊಡಂಗಿಲ್ಲ. ಹಂಗಾದ್ರ ಸಂಘ ಹೋಗಿ ಛತ್ರ ಆಗ್ತದ."

"ನಾ ಕೊಟ್ಟೀನಲ್ಲ ಮಾವಾ."

"ನೀ ಕೊಟ್ಟೀ. ಕಾಯ್ದೆ ಎಲ್ಲಾರಿಗೂ ಒಂದ."

"ಹಂಗಾರ ಕಾಯ್ದೆ ಮಾಡೋ ಜಾಗದಾಗ ನಾನ ಕುಂದರ್ತೀನಿ ಬಿಡ್ರಿ."

ಕರಿಬಸಪ್ಪ ನಕ್ಕ. ಅದು ಹಂಗಿಸುವ ನಗೆಯಾಗಿರಲಿಲ್ಲ. ಮೊಮ್ಮಗ ದೊಡ್ಡ ಎತ್ತಿನ ಮೂಗುದಾರ ಹಿಡಿಯುತ್ತೇನೆಂದಾಗ ಅಜ್ಜ ನಗುವ ನಗೆ. "ಕುಂದರವ್ವ, ಬ್ಯಾಡ ಅನ್ನಂಗಿಲ್ಲ. ಆದ್ರ ಒಂದು ತಿಳಕೋ. ಸದರ್ ಹೇಳಿದ್ರ ಬಂಡಿ ಹೊಂಡಬೇಕು. ಹೆಣ್ಣಮಗಳು ಹೇಳಿದ್ಲಂತ ಯಾವ ಗಂಡಸು ನೊಗ ಹೂಡ್ತಾನ?"

ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಪ್ರಶ್ನೆ ಚಪ್ಪಲಿಯೊಳಗಿನ ಜಾಲಿಮುಳ್ಳಿನ ಹಾಗೆ ಚುಚ್ಚಿತು. ಆದರೂ ಆ ಚುನಾವಣೆಯಲ್ಲಿ ಸದರ್ ಜಾಗಕ್ಕೆ ನಿಲ್ಲುವುದು ನಿಲ್ಲುವುದೇ. ಬೇಡಿ ಬಂದದ್ದಾಯಿತು, ಸಿಗಲಿಲ್ಲ. ಇನ್ನು ನಿಂತು ನೋಡಬೇಕು. ತಾನು ಸೋಲುತ್ತೇನೆ ಎಂದು ಅವಳಿಗೆ ಅನ್ನಿಸಲಿಲ್ಲ. ಕೆಸರಿನಲ್ಲಿ ಗಾಲಿ ಹೂತರೂ ಎತ್ತು ಎಳೆದೇ ಎಳೆಯುತ್ತದೆ ಎಂದು ನಂಬಿ ಕೂಗು ಹಾಕುವ ಜಾತಿ ಅವಳದು.

ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಊರ ಬಾಯಿಗೆ ಮುಚ್ಚಳವಿಲ್ಲ. ಕೆಲವರು ಮೂಗು ಮುರಿದರು, ಕೆಲವರು ಬೆರಳು ಕಚ್ಚಿದರು. ಅಚ್ಚರಿ ಎಂದರೆ ಎಷ್ಟೋ ಜನ ಗುಟ್ಟಾಗಿ ಬಂದು ಅವಳ ಪರವಾಗಿ ಮಾತಾಡಿದರು. ಕರಿಬಸಪ್ಪ ಒಳ್ಳೆಯವನೇ, ಆದರೆ ಅವನ ಕಾಲ ಮುಗಿಯಿತು. ನಾವು ನಿನ್ನ ಕಡೆ, ಆದರೆ ಎಲ್ಲರೆದುರು ನಿನ್ನ ಹಿಂದೆ ಬಂದು ಕೂಡುವುದು ಹೇಗೆ? ಎಲ್ಲರದೂ ಇದೇ ರಾಗ.

ಕೂಡುವುದು ಎಂದರೆ ಓಟು ಹಾಕುವುದು. ಬಂಡಿಕಾರರ ಚುನಾವಣೆಯ ಪದ್ಧತಿ ಹಾಗಿತ್ತು. ಸದರ್ ಆಗಬೇಕೆನ್ನುವವನು ಬೇವಿನ ಮರದ ಕೆಳಗೆ ತನ್ನ ಕಂಬಳಿ ಹಾಸಿ ಕೂಡಬೇಕು. ಅವನು ಬೇಕೆನ್ನುವವರು ಬಂದು ಅವನ ಹಿಂದೆ ಕೂಡಬೇಕು. ಎಣಿಸುವ ತನಕ ಮನಸ್ಸು ಬದಲಾದವರು ಎದ್ದು ಈ ಕಡೆಯಿಂದ ಆ ಕಡೆ ಹೋಗಬಹುದು, ಆದರೆ ನಿಂತವನು ತನ್ನ ಕಂಬಳಿ ಎತ್ತುವಂತಿಲ್ಲ. ಎತ್ತಿದರೆ ಸೋಲೊಪ್ಪಿದಂತೆ. ಇಷ್ಟು ವರ್ಷ ಕರಿಬಸಪ್ಪನದೊಂದೇ ಕಂಬಳಿ ಬೀಳುತ್ತಿದ್ದುದರಿಂದ ಬೀಡಿ ಸೇದಿ ಮುಗಿಸುವಷ್ಟರಲ್ಲಿ ಚುನಾವಣೆಯೂ ಮುಗಿಯುತ್ತಿತ್ತು.

ಖಾದರಬಾಷಾ ಒಂದು ದಾರಿ ತೋರಿಸಿದ. ಅವನು ಸಂಗಮ್ಮನ ಓಣಿಯವನೇ, ಬಂಡಿ ಸಾಲಿನಲ್ಲಿ ಅವಳ ಪಕ್ಕದ ಜಾಗದವನು. ಎರಡು ವರ್ಷದ ಹಿಂದೆ ದೇಶಕ್ಕೆಲ್ಲ ದೊಡ್ಡ ಚುನಾವಣೆ ಆದಾಗ ಮರೆಯಲ್ಲಿ ಪೆಟ್ಟಿಗೆ ಇಟ್ಟಿದ್ದರು, ಯಾರು ಯಾರಿಗೆ ಹಾಕಿದರೆಂದು ಹೆಂಡತಿಗೂ ಗೊತ್ತಾಗಲಿಲ್ಲ. ನಮ್ಮ ಸಂಘವೂ ಹೋದ ವರ್ಷ ಸರ್ಕಾರದಲ್ಲಿ ನೋಂದಣಿಯಾಗಿದೆ, ಈ ಸಲ ಎಣಿಸುವುದಕ್ಕೆ ಲಿಂಗಸುಗೂರಿನಿಂದ ಸಹಕಾರ ಇಲಾಖೆಯ ಇನ್ಸ್‌ಪೆಕ್ಟರ್ ಯೂನುಸ ಸಾಹೇಬರೇ ಬರುತ್ತಾರೆ. ಚೀಟಿ ಹಾಕಿಸಿ ಎಂದು ಅವರನ್ನು ಕೇಳು, ಗೆಲುವು ನಿನ್ನದೇ ಎಂದ. ಅವನು ಹೇಳಿದ್ದು ನಿಜವೇ ಆಗಿತ್ತು. ಸಂಗಮ್ಮ ಒಪ್ಪಲಿಲ್ಲ.

"ಮರ್ಯಾಗ ಕೊಟ್ಟ ಓಟು ಬಯಲಾಗ ಕೆಲಸಕ್ಕ ಬರಂಗಿಲ್ಲ, ಖಾದರಣ್ಣ. ನಾಳೆ ನಾ ಪಾಳಿ ಹೇಳಿದ್ರ, ಹೊಂಡೋನು ಹಗಲಾಗ, ಹತ್ತು ಮಂದಿ ಮುಂದ ಹೊಂಡಬೇಕು. ಇವತ್ತು ನನ್ನ ಹಿಂದ ಕುಂದ್ರಾಕ ನಾಚಿದಾವ ನಾಳೆ ನೊಗ ಹೂಡ್ತಾನೇನು?"

ಖಾದರಬಾಷಾ ತಲೆ ಕೆರೆದುಕೊಂಡ. ಗೆಲ್ಲುವ ದಾರಿ ಬಿಟ್ಟು ಸೋಲುವ ದಾರಿ ಹಿಡಿಯುವವರನ್ನು ಅವನು ನೋಡಿರಲಿಲ್ಲವಂತೆ. ಕೈಯಾರೆ ತಲೆಯ ಮೇಲೆ ಕಲ್ಲು ಎಳೆದುಕೊಳ್ಳುತ್ತೀಯಾ ಎಂದು ಗೊಣಗುತ್ತ ಹೋದ.

ಯುಗಾದಿ ಮುಗಿದ ಮೇಲಿನ ಸೋಮವಾರ ಚುನಾವಣೆ. ಎತ್ತುಗಳಿಗೆ ವಿಶ್ರಾಂತಿ, ಮನುಷ್ಯರಿಗೆ ಪುರುಸೊತ್ತು. ಕರಿಬಸಪ್ಪ ಪ್ರತಿ ವರ್ಷದಂತೆ ಮುಂಜಾನೆಯೇ ಬಂದು, ಪ್ರತಿ ವರ್ಷದಂತೆ ಮರದ ಪಡುವಣ ಬದಿಗೆ ತನ್ನ ಕರಿಕಂಬಳಿ ಹಾಸಿ ಕುಳಿತ. ಉಳಿದಿದ್ದು ಮೂಡಣ ಬದಿ. ಸಂಗಮ್ಮ ಅಲ್ಲಿ ತನ್ನ ಕಂಬಳಿ ಹಾಸಿದಳು. ಅದು ಸೂಗಪ್ಪ ಹೊದೆಯುತ್ತಿದ್ದ ಕಂಬಳಿ, ಒಂದು ಮೂಲೆಯಲ್ಲಿ ಬೀಡಿಯ ಕಿಡಿ ಬಿದ್ದು ಸುಟ್ಟಿತ್ತು.

ಮಸ್ಕಿ ಸೀಮೆಯ ಬೇಸಿಗೆ ಗೊತ್ತಿಲ್ಲದವರಿಗೆ ಮುಂದಿನದು ಅರ್ಥವಾಗುವುದು ಕಷ್ಟ. ಯುಗಾದಿ ಕಳೆದರೆ ಅಲ್ಲಿ ಸೂರ್ಯ ಹುಟ್ಟುವಾಗಲೇ ಕಾದುಕೊಂಡು ಹುಟ್ಟುತ್ತಾನೆ. ಮುಂಜಾನೆಯ ಬಿಸಿಲು ಮೂಡಣದಿಂದ ಸಂಗಮ್ಮನ ಮುಖಕ್ಕೆ ಹೊಡೆಯುತ್ತಿತ್ತು. ಮರದ ನೆರಳೆಲ್ಲ ಪಡುವಣಕ್ಕೆ, ಕರಿಬಸಪ್ಪನ ಹಿಂದೆ ತಂಪಾಗಿ ಚೆಲ್ಲಿಕೊಂಡಿತ್ತು. ಬಂದವರು ಬಂದಂತೆ ಆ ಕಡೆ ಕುಳಿತರು. ಹೆಂಗಸಿನ ಹಿಂದೆ ಕೂಡಬೇಕೋ ಬೇಡವೋ ಎಂದು ಮನಸ್ಸಿನಲ್ಲಿ ಜಗಳವಾಡುತ್ತಿದ್ದವರಿಗೆ ನೆರಳು ಒಳ್ಳೆಯ ನೆಪವಾಯಿತು. ಎಣಿಸುವ ಸಾಹೇಬರು ಬರಲಿ, ಆಮೇಲೆ ನೋಡಿದರಾಯಿತು ಎಂದು ಟವೆಲ್ ಹಾಸಿ ಕಾಲು ಚಾಚಿದರು. ಸಂಗಮ್ಮನ ಹಿಂದೆ ಬಂದು ಕುಳಿತವರು ಖಾದರಬಾಷಾ ಮತ್ತು ಇನ್ನು ಕೆಲವರು, ಒಂದು ಬಂಡಿಯಲ್ಲಿ ಹಿಡಿಸುವಷ್ಟು ಮಂದಿ.

ಯೂನುಸ ಸಾಹೇಬರು ಬರಲಿಲ್ಲ. ಲಿಂಗಸುಗೂರಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಸೈಕಲ್ಲಿನಲ್ಲಿ ಬಂದವನೊಬ್ಬ ಹೇಳಿ ಹೋದ. ಹೋಗಿ ಕರೆತರೋಣವೆಂದರೆ ಸೋಮವಾರ. ಊರಿನಲ್ಲಿ ಅಷ್ಟೊಂದು ಬಂಡಿಗಳಿದ್ದರೂ ಒಂದಕ್ಕೂ ಎತ್ತು ಹೂಡುವಂತಿರಲಿಲ್ಲ. ಸಾಹೇಬರಿಲ್ಲದೆ ಎಣಿಸುವಂತೆಯೂ ಇರಲಿಲ್ಲ. ಜನ ಕಾದರು. ಸೂರ್ಯ ಕಾಯಲಿಲ್ಲ.

ನಡುಹೊತ್ತಿಗೆ ನೆರಳು ಮುದುಡಿಕೊಂಡು ಮರದ ಬುಡಕ್ಕೆ ಸೇರಿತು. ಜನರೂ ಮುದುಡಿಕೊಂಡು ಬುಡಕ್ಕೆ ಸರಿದರು. ಆಮೇಲೆ ಅದು ಮೆಲ್ಲಗೆ ಮೂಡಣಕ್ಕೆ ಚಾಚತೊಡಗಿತು. ಮೊದಲು ಎದ್ದವನು ಅಂಬಪ್ಪ. ದೊಡ್ಡ ಮೈ, ಸಣ್ಣ ಮನಸ್ಸಲ್ಲ, ಆದರೆ ನಿದ್ದೆ ಮಾತ್ರ ಮೈಗಿಂತ ದೊಡ್ಡದು. ಟವೆಲ್ ಕೊಡವಿಕೊಂಡು ಈ ಕಡೆ ಬಂದು ಸಂಗಮ್ಮನ ಹಿಂದೆ ಉರುಳಿಕೊಂಡ. ಅವನ ಹಿಂದೆ ಇಬ್ಬರು, ಅವರ ಹಿಂದೆ ಮತ್ತಿಬ್ಬರು. ಒಬ್ಬನ ಹೆಜ್ಜೆ ನೋಡಿ ಇನ್ನೊಬ್ಬ, ಗಾಳಿ ಬಂದ ಕಡೆ ತೂರಿಕೊಳ್ಳುವ ಹಾಗೆ.

ಕರಿಬಸಪ್ಪ ಕದಲಲಿಲ್ಲ. ಕಂಬಳಿ ಎತ್ತುವಂತಿರಲಿಲ್ಲ, ಎತ್ತಲು ಅವನ ಮನಸ್ಸೂ ಇರಲಿಲ್ಲ. ಬಿಸಿಲು ಅವನ ರುಮಾಲಿನ ಮೇಲೆ ಬಿತ್ತು, ಹೆಗಲ ಮೇಲೆ ಬಿತ್ತು, ಅವನು ಎದುರಿಗೇ ನೋಡುತ್ತ ಕುಳಿತಿದ್ದ. ಅವನ ಜೊತೆ ಬಸ್ಸಪ್ಪ ಮತ್ತು ಹತ್ತಾರು ಹಳಬರು ಟವೆಲ್ಲನ್ನು ತಲೆಯ ಮೇಲೆ ಹೊದ್ದು ಅಲ್ಲೇ ಉಳಿದರು.

ಸಂಗಮ್ಮನ ಬೆನ್ನ ಹಿಂದೆ ಗದ್ದಲ ಹೆಚ್ಚುತ್ತಲೇ ಹೋಯಿತು. ಮೊದಮೊದಲು ಅವಳಿಗೆ ಆದದ್ದು ಸಂತೋಷವೇ, ಅದನ್ನು ಮುಚ್ಚಿಡುವುದು ಯಾಕೆ? ಎತ್ತು ಮಾರಬೇಕಿಲ್ಲ, ಮುಕ್ಕುಂದಕ್ಕೆ ಹೋಗಬೇಕಿಲ್ಲ, ಪಂಚರನ್ನಾಗಿ ಯಾರನ್ನು ಕೂಡಿಸಿಕೊಳ್ಳಲಿ ಎಂದು ಮನಸ್ಸು ಆಗಲೇ ಲೆಕ್ಕ ಹಾಕತೊಡಗಿತ್ತು. ಹಿಂದಿರುಗಿ ನೋಡಿದಳು. ಅಂಬಪ್ಪ ಗೊರಕೆ ಹೊಡೆಯುತ್ತಿದ್ದ. ಇನ್ನೊಬ್ಬ ಅವಳ ಕಣ್ಣು ತಪ್ಪಿಸಿ ಮೇಲೆ ಕೊಂಬೆ ನೋಡಿದ. ಆಗ ಅವಳಿಗೆ ಕರಿಬಸಪ್ಪ ಅಂಗಳದಲ್ಲಿ ಕೇಳಿದ ಪ್ರಶ್ನೆ ನೆನಪಾಯಿತು, ಸಂತೋಷ ಅಲ್ಲೇ ತಣ್ಣಗಾಯಿತು. ಇವರು ತನ್ನ ಹಿಂದೆ ಕೂತಿಲ್ಲ, ಮರದ ಹಿಂದೆ ಕೂತಿದ್ದಾರೆ.

ಅಷ್ಟರಲ್ಲಿ ಯೂನುಸ ಸಾಹೇಬರು ಬಂದರು. ಬಸ್ಸು ಬಿಟ್ಟು ನಡೆದೇ ಬಂದಿದ್ದರು, ಶೇರವಾನಿ ಬೆನ್ನಿಗೆ ಅಂಟಿಕೊಂಡಿತ್ತು. ಬಂದವರೇ ಯಾರನ್ನೂ ನೋಡದೆ ನೆರಳಿಗೆ ಹೋಗಿ, ಅಲ್ಲಿ ಇಟ್ಟಿದ್ದ ಕುರ್ಚಿಯಲ್ಲಿ ಕುಸಿದು ಚೆಂಬು ನೀರು ಗಟಗಟನೆ ಕುಡಿದರು. ಸಾಹೇಬರದೂ ಸಂಗಮ್ಮನಿಗೇ ಓಟು ಎಂದು ಯಾರೋ ಹಿಂದಿನಿಂದ ಅಂದರು, ಎಲ್ಲರೂ ನಕ್ಕರು. ಸಾಹೇಬರಿಗೆ ನಗುವ ಶಕ್ತಿ ಇರಲಿಲ್ಲ. ಬೇಗ ಎಣಿಸಿ ಮುಗಿಸೋಣ, ಇದರಲ್ಲಿ ಎಣಿಸುವುದೇನಿದೆ, ಕಣ್ಣಿಗೇ ಕಾಣುತ್ತಿದೆಯಲ್ಲ ಎಂದು ಪೆನ್ನು ತೆಗೆದರು.

ಸಂಗಮ್ಮ ಎದ್ದು ನಿಂತಳು. ಸೆರಗು ಸರಿಪಡಿಸಿಕೊಂಡು ಸಾಹೇಬರನ್ನು ಒಂದು ಮಾತು ಕೇಳಿದಳು. ನಿಂತವರು ಎಣಿಕೆಗೆ ಮೊದಲು ಜಾಗ ಬದಲಿಸಬಾರದೆಂದು ಸರ್ಕಾರದ ಕಾಯ್ದೆಯಲ್ಲಿ ಉಂಟೇ? ಸಾಹೇಬರು ಕಾಯ್ದೆಯನ್ನೆಲ್ಲ ತಲೆಯಲ್ಲೇ ತಿರುವಿ ಹಾಕಿ, ಸರ್ಕಾರದ ಕಾಯ್ದೆಯಲ್ಲಿ ಕಂಬಳಿಯ ಮಾತೇ ಇಲ್ಲ ಎಂದರು.

ಅವಳು ಬಗ್ಗಿ ಕಂಬಳಿ ಎತ್ತಿದಳು.

ಖಾದರಬಾಷಾ ಹಣೆ ಚಚ್ಚಿಕೊಂಡ. ಬಿಸಿಲಿನಲ್ಲಿ ಕೂತಿದ್ದ ಹಳಬರು ಸೋತಳು, ಸೋಲೊಪ್ಪಿದಳು ಎಂದು ಎದ್ದೇ ಬಿಟ್ಟರು. ಕರಿಬಸಪ್ಪ ಮಾತ್ರ ಏಳದೆ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ. ಸಂಗಮ್ಮ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು, ಮರ ಸುತ್ತಿ, ಬರಿಗಾಲು ಸುಡುವ ನೆಲದ ಮೇಲೆ ನಡೆದು, ಅವನ ಕರಿಕಂಬಳಿಯಿಂದ ಒಂದು ಮಾರು ದೂರದಲ್ಲಿ ತನ್ನದನ್ನು ಬಿಸಿಲಿಗೆ ಹಾಸಿದಳು. ಕುಳಿತು, ನೆರಳಿನಲ್ಲಿದ್ದ ಜನರ ಕಡೆ ತಿರುಗಿದಳು.

"ಮುಂಜಾನಿ ನೆರಳು ಈ ಕಡಿ ಇತ್ತು, ಮಂದಿನೂ ಈ ಕಡಿ ಇದ್ರು. ಈಗ ನೆರಳು ಆ ಕಡಿ ಹೋಗ್ಯದ, ಮಂದಿನೂ ಹೋಗ್ಯಾರ. ಸದರ್ ಆಗೋದು ಮಾವನೋ, ನಾನೋ, ಬೇವಿನ ಗಿಡಾನೋ ಅಂತ ತಿಳಿಯವಲ್ದು. ಇಬ್ರೂ ಬಿಸಲಾಗ ಕುಂತೀವಿ. ಬೇಕಾದವ್ರು ಬರ್ರಿ."

ಯಾರೂ ಏಳಲಿಲ್ಲ. ಬೆನ್ನ ಹಿಂದೆ ಯಾರೂ ಇಲ್ಲದ ಬೆನ್ನು ಎಷ್ಟು ದೊಡ್ಡದಿರುತ್ತದೆ ಎಂದು ಸಂಗಮ್ಮನಿಗೆ ಗೊತ್ತಾಯಿತು. ಗೆದ್ದ ಆಟವನ್ನು ತಾನೇ ಕೆಡಿಸಿದೆ, ಮಗಳ ಅನ್ನಕ್ಕೆ ತಾನೇ ಮಣ್ಣು ಹಾಕಿದೆ ಎಂದು ಒಳಗಿನಿಂದ ಯಾರೋ ಬೈದರು. ಆದರೂ ಮುಖ ತಗ್ಗಿಸಲಿಲ್ಲ. ಪಕ್ಕದಲ್ಲಿ ಕರಿಬಸಪ್ಪ ತನ್ನ ಚೆಂಬನ್ನು ಅವಳ ಕಡೆ ಸರಿಸಿದ. ಅವಳು ಎತ್ತಿಕೊಂಡು ಎರಡು ಗುಟುಕು ಕುಡಿದಳು.

ಮೊದಲು ಬಂದವನು ಖಾದರಬಾಷಾ, ಹಣೆ ಉಜ್ಜಿಕೊಳ್ಳುತ್ತಲೇ ಬಂದ. ಮುಂಜಾನೆಯಿಂದ ಜೊತೆಗಿದ್ದವರೂ ಬಂದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಇಲ್ಲ. ನೆರಳಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಿಸಿಲಿನಲ್ಲಿ ನಾಲ್ಕು ಹೆಜ್ಜೆ ನಡೆಯುವುದಕ್ಕೆ ಗಂಡಸುತನ ಬೇಕಾಗುತ್ತದೆಂದು ಅವರು ಎಣಿಸಿರಲಿಲ್ಲ. ಹೆಣ್ಣಿನ ಹಿಂದೆ ಕೂಡುವುದು ನಾಚಿಕೆಯೋ, ನೆರಳು ಬಿಡಲಾರದೆ ಕೂಡುವುದು ನಾಚಿಕೆಯೋ ಎಂಬ ಪ್ರಶ್ನೆ ಅವರ ಎದುರು ಬಂದಿತ್ತು. ಕಡೆಗೆ ಒಬ್ಬ ಎದ್ದು, ನೆಟ್ಟಗೆ ನಡೆದು, ಕರಿಬಸಪ್ಪನ ಹಿಂದೆ ಕುಳಿತ. ಅವನ ಹಿಂದೆಯೇ ಇನ್ನೊಬ್ಬ ಎದ್ದು ಸಂಗಮ್ಮನ ಹಿಂದೆ ಕುಳಿತ. ಅಲ್ಲಿಂದ ದಾರಿ ತೆರೆಯಿತು. ಕಾಲುವೆಯ ಕೆಲಸದಲ್ಲಿ ಅವಳ ಜೊತೆ ಕಲ್ಲು ಹೊತ್ತ ಹುಡುಗರು, ಅವಳ ಪಾಳಿಯಿಂದ ಅನ್ನ ಉಂಡವರು, ಮನೆಯಲ್ಲಿ ಹೆಂಡತಿಯಿಂದ ಬೈಸಿಕೊಂಡು ಬಂದವರು, ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಒಬ್ಬೊಬ್ಬರಾಗಿ ಬಂದರು. ಬಂದವರು ಅವಳ ಮುಖವನ್ನು ನೇರವಾಗಿ ನೋಡಿ, ತಲೆಯಾಡಿಸಿ, ಹಿಂದೆ ಹೋಗಿ ಕುಳಿತರು. ಕೆಲವರು ಅದೇ ರೀತಿ ಕರಿಬಸಪ್ಪನ ಮುಖ ನೋಡಿ ಅವನ ಹಿಂದೆ ಕುಳಿತರು.

ಕೊನೆಗೆ ನೆರಳಿನಲ್ಲಿ ಉಳಿದವರು ಯೂನುಸ ಸಾಹೇಬರು, ಅಂಬಪ್ಪ ಮತ್ತು ಅವನಂಥ ನಾಲ್ಕೈದು ಮಂದಿ. ಇವರು ಯಾರ ಕಡೆ ಎಂದು ಸಾಹೇಬರು ಕೇಳಿದರು. ಅವರು ಗಿಡದ ಕಡೆಯವರು, ಬಿಡಿ ಎಂದು ಕರಿಬಸಪ್ಪನೇ ಹೇಳಿದ. ಸಾಹೇಬರು ಕೊಡೆ ತರಿಸಿ, ಬಿಸಿಲಿಗೆ ಇಳಿದು, ತಲೆಗಳನ್ನು ಮುಟ್ಟಿ ಮುಟ್ಟಿ ಎಣಿಸಿದರು. ಎರಡು ಸಲ ಎಣಿಸಿದರು. ನೆರಳಿನಲ್ಲಿ ಕಣ್ಣಿಗೇ ಕಾಣುತ್ತಿದ್ದ ಗೆಲುವು ಈಗ ಕೂದಲೆಳೆಯಷ್ಟೇ ಉಳಿದಿತ್ತು, ಆದರೂ ಗೆಲುವು ಸಂಗಮ್ಮನದೇ.

ಗದ್ದಲ ಅಡಗುವ ತನಕ ಅವಳು ಕುಳಿತೇ ಇದ್ದಳು. ಆಮೇಲೆ ಪಂಚರನ್ನು ಹೆಸರಿಸಿದಳು. ಖಾದರಬಾಷಾ ಮತ್ತು ಇನ್ನಿಬ್ಬರು ಅವಳ ಹಿಂದಿನಿಂದಲೇ. ನಾಲ್ಕನೆಯವನು ಬಸ್ಸಪ್ಪ, ಕರಿಬಸಪ್ಪನ ಹಿಂದೆ ನಡುಹೊತ್ತಿನಿಂದ ಕದಲದೆ ಕೂತಿದ್ದ ಹಳಬ. ಗೆದ್ದವರು ತಮ್ಮ ಹಿಂದಿನವರನ್ನೇ ಆರಿಸಬೇಕು, ಇದು ಪದ್ಧತಿಯಲ್ಲ ಎಂದು ಅವಳ ಕಡೆಯವರೇ ತಕರಾರು ತೆಗೆದರು. ಬಿಸಿಲಿನಲ್ಲಿ ಕೂಡುವವರು ತನಗೆ ಬೇಕು, ಯಾರ ಹಿಂದೆ ಕೂತರೇನು ಎಂದಳು. ಆ ಐವರೂ ಅಲ್ಲೇ ಕುಳಿತು ಮೊದಲ ಕಾಯ್ದೆ ಬದಲಿಸಿದರು. ಸತ್ತವನ ಮನೆಯಲ್ಲಿ ಬಂಡಿ ಹೊಡೆದು ಪಾಳಿ ಕೊಡುವವರು ಯಾರಿದ್ದರೂ, ಗಂಡಾಗಲಿ ಹೆಣ್ಣಾಗಲಿ, ಸಾಲಿನ ಜಾಗ ಅವರದು. ಬಸ್ಸಪ್ಪನೂ ಹೂಂ ಅಂದ. ಸಂಗಮ್ಮನ ಬಂಡಿ ಸಾಲಿನಲ್ಲಿ ಉಳಿಯಿತು.

ಎರಡನೆಯದು ಹುಸೇನಪ್ಪನ ಪಾಳಿ. ಅವನು ಹಬ್ಬದ ಮರುದಿನ ಕಲ್ಲಿನ ಹೇರಿನ ಮೇಲಿಂದ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ. ಹೊಸ ಪಂಚರು ಕೂಡುವ ತನಕ ಅವನ ಹೇರು ನಿಂತಿತ್ತು. ಪಾಳಿ ಮಂಜೂರಾಯಿತು. ನಾಳೆ ಮೊದಲ ಬಂಡಿ ಯಾರದೆಂದು ಸದರ್ ಹೇಳಬೇಕು. ಜನ ಕಿವಿ ನೆಟ್ಟಗೆ ಮಾಡಿಕೊಂಡರು. ಖಾದರಬಾಷಾ ತನ್ನ ಹೆಸರು ಹೇಳು ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಅವನಾದರೆ ತಪ್ಪಿಸುವುದಿಲ್ಲ, ಮೊದಲ ದಿನವೇ ಮರ್ಯಾದೆ ಹೋಗುವುದಿಲ್ಲ.

"ಮೊದಲ ಬಂಡಿ ಕರಿಬಸಪ್ಪ ಮಾವಂದು," ಎಂದಳು ಸಂಗಮ್ಮ.

ಕರಿಬಸಪ್ಪ ಎದ್ದ. ತನ್ನ ಕರಿಕಂಬಳಿಯನ್ನು ಎತ್ತಿ, ಧೂಳು ಕೊಡವಿ, ನೀಟಾಗಿ ಮಡಿಸಿ ಹೆಗಲಿಗೆ ಹಾಕಿಕೊಂಡು ಮನೆಯ ದಾರಿ ಹಿಡಿದ. ಮುದುಕನನ್ನು ಕೆಣಕಿದೆ, ನಾಳೆ ಅವನು ಬಾರದಿದ್ದರೆ ನಾಡಿದ್ದು ಯಾರೂ ಬರುವುದಿಲ್ಲ ಎಂದು ಖಾದರಬಾಷಾ ಮನೆಯ ತನಕ ಹೇಳುತ್ತಲೇ ಬಂದ. ಅದು ಅವಳಿಗೂ ಗೊತ್ತಿತ್ತು. ಅದಕ್ಕೇ ಆ ಹೆಸರು ಹೇಳಿದ್ದಳು. ಅವನು ಬಂದರೆ ಎಲ್ಲರೂ ಬಂದಂತೆ. ಬಾರದಿದ್ದರೆ, ಆ ತಲೆ ಎಣಿಕೆಗೆಲ್ಲ ಬೆಲೆಯೇ ಇಲ್ಲ, ಅದು ನಾಳೆಯೇ ಗೊತ್ತಾಗುವುದು ಒಳ್ಳೆಯದು.

ಮಂಗಳವಾರ ಬೆಳಕು ಹರಿಯುವಾಗ ಅವಳು ಬಯಲಿಗೆ ಬಂದಳು. ಯಾರು ಬಾರದಿದ್ದರೂ ಹುಸೇನಪ್ಪನ ಹೇರು ನಿಲ್ಲಬಾರದೆಂದು ತನ್ನ ಎತ್ತು ಹೂಡಿಕೊಂಡೇ ಬರಬಹುದಿತ್ತು. ಹಾಗೆ ಮಾಡಲಿಲ್ಲ, ಎತ್ತುಗಳನ್ನು ಗೂಟಕ್ಕೇ ಬಿಟ್ಟು ಬರಿಗೈಯಲ್ಲಿ ಬಂದಿದ್ದಳು. ಸಾಲಿನಲ್ಲಿ ಹತ್ತು ಹದಿನೈದು ಜನ ಆಗಲೇ ಇದ್ದರು. ಯಾರೂ ನೊಗ ಮುಟ್ಟಿರಲಿಲ್ಲ. ಬೀಡಿ ಸೇದುವವರು ಸೇದುತ್ತ, ಹಲ್ಲುಜ್ಜುವವರು ಉಜ್ಜುತ್ತ, ಎಲ್ಲರೂ ಕರಿಬಸಪ್ಪನ ಓಣಿಯ ಕಡೆಗೇ ಕಣ್ಣಿಟ್ಟು ನಿಂತಿದ್ದರು.

ಮೊದಲು ಕೇಳಿಸಿದ್ದು ಗೆಜ್ಜೆ. ಆಮೇಲೆ ಕೀಲು ಕಿರುಗುಟ್ಟುವ ಸದ್ದು. ಓಣಿಯ ಬಾಯಿಯಿಂದ ಕರಿಬಸಪ್ಪನ ಬಿಳಿಯ ಜೋಡಿ ಹೊರಬಂತು, ಮೂಕಿಯ ಮೇಲೆ ಅವನೇ, ಹೊಸ ರುಮಾಲು ಸುತ್ತಿಕೊಂಡು. ಬಂಡಿಯನ್ನು ಬೇರೆಲ್ಲೂ ತಿರುಗಿಸದೆ ಸಂಗಮ್ಮನ ಎದುರಿಗೇ ತಂದು ನಿಲ್ಲಿಸಿದ. ಸಾಲಿನಲ್ಲಿ ನಿಂತವರು ಬೀಡಿ ಎಸೆದು ತಮ್ಮ ತಮ್ಮ ಎತ್ತುಗಳ ಕಡೆ ಸರಿದರು.

ನಿನ್ನೆ ಅಷ್ಟು ಜನ ಬಂದು ಹಿಂದೆ ಕುಳಿತಾಗ ಬಾರದ ಅಳು ಸಂಗಮ್ಮನಿಗೆ ಈಗ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಕರಿಬಸಪ್ಪ ಹಗ್ಗ ಸಡಿಲಿಸಿದ, ತಲೆ ಬಗ್ಗಿಸಿ ಅವಳ ಕಡೆ ನೋಡಿದ.

"ಎತ್ತು ನಿಂತಾವ. ಹೇರು ಎಲ್ಲಿಗೆ, ಹೇಳವ್ವಾ."